ಗರಗಸಕ್ಕೆ ಆಳುದ್ದ ಬೇಕಿತ್ತು, ಮಿಷನ್ನಿಗೆ ಒಂದು ಮೊಳ ಸಾಕು

ಬಾರು ಅಂದ ಕೂಡ್ಲೆ ರಸ್ತೆ ಪಕ್ಕದ ಬಾರು ಅಂದ್ಕೊಂಡು ಯಾರೂ ಮೂಗು ಮುರೀಬೇಡಿ. ನಾನು ಹೇಳ್ತಿರೋದು ಮರ ಕುಯ್ಯೋ ಮಿಷನ್ನಿನ ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿರ್ತದಲ್ಲ, ಆ ಉಕ್ಕಿನ ಪಟ್ಟಿ. ಹಲ್ಲಿನ ಸರಪಳಿ ಅದರ ಅಂಚಿನ ಸಂದಿನಲ್ಲಿ ಸುತ್ತು ಹೊಡೀತದೆ. ಅಂಗಡೀಲಿ ಅದನ್ನ ಬಾರು ಅಂತಲೇ ಕೇಳಬೇಕು. ಪಟ್ಟಿ ಅಂದ್ರೆ ಅಂಗಡಿಯವನು ಇನ್ನೇನೋ ತಂದು ಮುಂದೆ ಮಡಗ್ತಾನೆ.

ಈಗ ನಮ್ಮ ಬನ್ನೂರು ಸೀಮೇಲಿ ತೆಂಗಿನ ತೋಟ ಇರೋ ಎಷ್ಟೋ ಮನೇಲಿ ಔಷಧಿ ಹೊಡಿಯೋ ಮಿಷನ್ನಿನ ಪಕ್ಕ ಇದೂ ಒಂದು ಕೂತದೆ. ಕೆಲವು ಹೊಸವು. ಸುಮಾರು ಹಳೇವು, ಕೊಡಗಿನ ಕಡೆ ಕಾಫಿ ತೋಟದಲ್ಲಿ ದುಡಿದು ಸುಸ್ತಾಗಿ ಸೆಕೆಂಡ್ ಹ್ಯಾಂಡಲ್ಲಿ ಇಲ್ಲಿಗೆ ಇಳಿದವು. ಬಾರು ಸವೆದು ಹೋಗಿ ಹೊಸದು ಹಾಕ್ಸೋ ಮಾತು ಬಂದಾಗ ನಮ್ಮ ಗಂಡಸರ ಬಾಯಲ್ಲಿ ಒಂದೇ ಮಾತು: ಉದ್ದದ್ದೇ ಹಾಕ್ಸೋಣ, ಉದ್ದ ಇದ್ರೆ ಕೆಲಸ ಬೇಗ ಆಯ್ತದೆ. ಹೆಂಗಸರಿಗ್ಯಾಕೆ ಈ ಪಂಚಾತಿಕೆ ಅಂದ್ರೆ, ದುಡ್ಡು ಹೋಗೋದು ಮನೆ ಡಬ್ಬಿಯಿಂದ. ಮಿಷನ್ನು ಓಡ್ತಿರೋವಾಗ ಹತ್ತಿರದಲ್ಲೇ ಬಗ್ಗಿ ಕಡ್ಡಿ ಪುರಲೆ ಆಯ್ತಾ ಇರೋರು ನಾವು. ಅದನ್ನ ಕೈಯಲ್ಲಿ ಹಿಡ್ಕೊಂಡಿರೋನು ನಮ್ಮ ಗಂಡನೋ ಮಗನೋ ಮೈದುನನೋ ಆಗಿರ್ತಾನೆ. ಅದಕ್ಕೇ ಈ ಉದ್ದದ ಆಸೆ ಎಲ್ಲಿಂದ ಬಂತು ಅಂತ ನಾನು ವಸಿ ಹುಡುಕ್ದೆ. ಅದು ಮಿಷನ್ನಿನ ಕಾಲದ್ದಲ್ಲ ಕಣವ್ವ, ಗರಗಸದ ಕಾಲದ್ದು.

ದೊಡ್ಡ ಗರಗಸ ಎಳೆಯೋದನ್ನ ನಿಮ್ಮಲ್ಲಿ ವಯಸ್ಸಾದೋರು ಕಣ್ಣಾರೆ ಕಂಡಿರ್ತೀರಿ. ದಿಮ್ಮೀನ ಗುಂಡಿ ಮೇಲೋ, ಕವೆ ಕೊಟ್ಟು ಎತ್ತರಿಸಿಯೋ ಮಡಗೋರು. ದಾರಕ್ಕೆ ಇದ್ದಲು ಪುಡಿ ಮೆತ್ತಿ ಈ ತುದಿ ಆ ತುದಿ ಬಿಗಿಹಿಡಿದು ಮಿಡಿದ್ರೆ ದಿಮ್ಮಿ ಮೇಲೆ ನೆಟ್ಟಗೆ ಒಂದು ಕರೀ ಗೆರೆ. ಒಬ್ಬ ಮೇಲೆ ನಿಂತು ಗೆರೆ ತಪ್ಪದ ಹಾಗೆ ನೋಡ್ಕೊಂಡು ಎಳೆಯೋನು, ಇನ್ನೊಬ್ಬ ಕೆಳಗೆ. ಕೆಳಗಿನೋನ ಕಣ್ಣು ಮೂಗು ತಲೆಯೆಲ್ಲ ಹೊಟ್ಟು. ಮೇಲಿನೋನಿಗೆ ಮರ್ಯಾದೆ ಜಾಸ್ತಿ, ಕೆಳಗಿನೋನಿಗೆ ಕೆಮ್ಮು ಜಾಸ್ತಿ ಅಂತ ನಮ್ಮತ್ತೆ ಈಗ್ಲೂ ನಗ್ತಾರೆ. ಆ ಹೊಟ್ಟು ಮಾತ್ರ ಹೆಂಗಸರ ಪಾಲು. ಡಬ್ಬದ ಒಲೆಗೆ ನಡುವೆ ಒಂದು ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟ್ಲಿ ಮೆಲ್ಲಗೆ ಎಳೆದು ಹಚ್ಚಿದ್ರೆ ಬೆಳಗಿನ ನೀರು, ಅನ್ನ, ಸಾರು ಎಲ್ಲ ಅದರಲ್ಲೇ ಆಗೋದು.

ಆ ಗರಗಸ ಯಾಕೆ ಆಳುದ್ದ ಇರ್ತಿತ್ತು? ಲೆಕ್ಕ ಸಲೀಸು. ಗರಗಸ ಹೋಗಿ ಬರೋದು. ಕೈ ಒಂದು ಸಲ ಎಳೆದ್ರೆ ಎರಡು ಎರಡೂವರೆ ಅಡಿ ಬರ್ತದೆ. ದಿಮ್ಮಿ ಎರಡಡಿ ದಪ್ಪ ಅಂತ ಇಟ್ಕೊಳ್ಳಿ. ಗರಗಸವೂ ಎರಡೇ ಅಡಿ ಇದ್ರೆ ಎಳೆಯೋಕೆ ಜಾಗವೇ ಇಲ್ಲ, ಹಲ್ಲಿನ ನಡುವೆ ಸಿಕ್ಕೊಂಡ ಹೊಟ್ಟು ಆಚೆ ಬರೋಕೂ ದಾರಿ ಇಲ್ಲ. ಹಾಗಾಗಿ ದಿಮ್ಮಿ ದಪ್ಪದ ಜೊತೆಗೆ ಕೈಯಿನ ಎಳೆತವೂ ಸೇರಬೇಕು. ಕೂಡಿದ್ರೆ ಐದಡಿ ಹತ್ತಿರ. ಗಿಡ್ಡ ಗರಗಸ ಅಂದ್ರೆ ಆಗದ ಗರಗಸ. ನೂರಾರು ವರ್ಷ ಎಳೆದೆಳೆದು ಈ ಲೆಕ್ಕ ಮರ ಕುಯ್ಯೋರ ಮೈಗೇ ಹತ್ತಿಹೋಯ್ತು.

ಆಗ ಮರ ಏನು ಕಮ್ಮಿ ಬೇಕಾಗಿತ್ತೆ? ರೈಲು ಹಳಿ ಕೆಳಗೆ ಮಡಗೋಕೆ ಮರ, ಗಾಡಿಗೆ ಮರ, ತೊಲೆಗೆ ಮರ. ಭದ್ರಾವತೀಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಹಾಕ್ತಿದ್ದದ್ದು ಕಲ್ಲಿದ್ದಲಲ್ಲ, ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಲು. ಅದಕ್ಕೆ ಬೇಕಾದ ಮರವೆಲ್ಲ ಕೊಡಲಿ, ಗರಗಸ, ಮನುಷ್ಯರ ತೋಳು ನಂಬಿಕೊಂಡಿದ್ದದ್ದು. ಗಂಧದ ಮರ ಒಂದಕ್ಕೆ ಮಾತ್ರ ಬುಡಕ್ಕೆ ಗರಗಸ ಹಾಕಿ ಬಿಟ್ಟುಬಿಡೋ ಹಾಗಿರ್ಲಿಲ್ಲ. ಅದರ ಎಣ್ಣೆ ಬೇರಲ್ಲೂ ಇರೋದ್ರಿಂದ ಅಗೆದು ಬೇರು ಸಮೇತ ಎಬ್ಬಿಸಬೇಕಿತ್ತು.

ಇನ್ನು ಸರಪಳಿ ಗರಗಸ ಹುಟ್ಟಿದ ಕತೆ ಕೇಳಿ. ಇದನ್ನ ಓದಿದಾಗ ನನಗೆ ಮೈ ಜುಂ ಅಂತು. ಅದು ಹುಟ್ಟಿದ್ದು ಮರಕ್ಕೆ ಅಲ್ಲ, ಬಾಣಂತನಕ್ಕೆ.

ಹದಿನೆಂಟನೇ ಶತಮಾನದ ಯೂರೋಪಿನಲ್ಲಿ ಮಗು ಸೊಂಟದ ಮೂಳೆಗೆ ಸಿಕ್ಕಿಬಿದ್ರೆ ಡಾಕ್ಟರಿಗೆ ದಾರೀನೇ ಇರ್ಲಿಲ್ಲ. ಹೊಟ್ಟೆ ಕುಯ್ದ್ರೆ ತಾಯಿ ಉಳಿಯೋದು ಅಪರೂಪ. 1777ರಲ್ಲಿ ಪ್ಯಾರಿಸ್ಸಿನಲ್ಲಿ ಸಿಗೋ ಅನ್ನೋ ವೈದ್ಯ ಬೇರೆ ಉಪಾಯ ಮಾಡ್ದ. ಕಿಬ್ಬೊಟ್ಟೆ ಕೆಳಗೆ ಸೊಂಟದ ಎರಡು ಮೂಳೆ ಮುಂದುಗಡೆ ಬಂದು ಸೇರ್ತವಲ್ಲ, ಆ ಕೀಲನ್ನ ಕುಯ್ದು ಜಾಗ ಅಗಲ ಮಾಡ್ದ. ಆ ಹೆಂಗಸಿಗೆ ಮೊದಲು ಹುಟ್ಟಿದ ಮಕ್ಕಳು ಉಳಿದಿರ್ಲಿಲ್ಲ. ಈ ಮಗು ಉಳೀತು, ತಾಯೀನೂ ಬದುಕಿದ್ಲು. ಆದ್ರೆ ಮೊದಲಿನ ಹಾಗೆ ಆಗ್ಲಿಲ್ಲ, ತೊಂದ್ರೆ ಅನುಭವಿಸಿಕೊಂಡೇ ಇದ್ಲು. ಮಂಪರಿಗೆ ಈಥರ್ ಕೊಡೋದು ಬಳಕೆಗೆ ಬಂದದ್ದೇ 1846ರಿಂದ ಈಚೆಗೆ ಅನ್ನೋದನ್ನ ನೆನಪಲ್ಲಿ ಮಡಗಿ ಇದನ್ನ ಓದಿ. ಎಚ್ಚರ ಇದ್ದ ಹಾಗೇ ಕುಯ್ಯಿಸ್ಕೊಳ್ಳಬೇಕು.

ಚಾಕು ಆ ಜಾಗಕ್ಕೆ ಸರಿಯಾಗಿ ಹೋಗ್ತಿರ್ಲಿಲ್ಲ, ಹಿಂದೆ ಇರೋ ಮೆತ್ತನೆ ಭಾಗಕ್ಕೆ ತಗುಲೋ ಭಯ. ಅದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಜಾನ್ ಐಟ್ಕೆನ್ ಅನ್ನೋ ಹೆರಿಗೆ ವೈದ್ಯ ಬಾಗೋ ಗರಗಸದ ಚಿತ್ರ ಬರೆದು 1785ರಲ್ಲಿ ತನ್ನ ಪುಸ್ತಕದಲ್ಲಿ ಹಾಕ್ದ. ಗ್ಲಾಸ್ಗೋದ ಜೇಮ್ಸ್ ಜೆಫ್ರೆ ಕೂಡ ಅದೇ ಕಾಲದಲ್ಲಿ ಅಂಥದೇ ಮಾಡಿಸ್ದ. ಜೇಬು ಗಡಿಯಾರದ ಒಳಗಿನ ಸರಪಳಿ ಅಷ್ಟು ಸಣ್ಣದು, ಕೊಂಡಿಗಳಿಗೆ ಹಲ್ಲು, ಎರಡು ತುದಿಗೂ ಹಿಡಿಕೆ. ಡೊಂಕು ಸೂಜೀಲಿ ದಾರ ಪೋಣಿಸಿದ ಹಾಗೆ ಮೂಳೆ ಹಿಂದಿನಿಂದ ತೂರಿಸಿ, ಹಿಡಿಕೆ ಹಿಡಿದು ಆ ಕಡೆ ಈ ಕಡೆ ಎಳೆಯೋದು. ಎಳೆಯೋದು ಅಂದ್ರೆ ಅದೂ ಗರಗಸದ ಲೆಕ್ಕವೇ. ಸುತ್ತು ಹೊಡಿಯೋದಲ್ಲ.

ಸುತ್ತು ಹೊಡಿಯೋದನ್ನ ಕಂಡುಹಿಡಿದೋನು ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನ ಬರ್ನಾರ್ಡ್ ಹೈನೆ, 1830ರಲ್ಲಿ. ಅವನ ಮನೆತನದೋರು ಕೈಕಾಲಿಗೆ ಆಸರೆ ಕಟ್ಟೋ ಉಪಕರಣ ಮಾಡ್ತಿದ್ದೋರು. ಇವನು ತೆಳ್ಳನೆ ಒಂದು ಉಕ್ಕಿನ ಅಲಗು ಮಾಡಿ, ಅದರ ಅಂಚಿನ ಸುತ್ತ ಹಲ್ಲಿನ ಸರಪಳಿ ಹಾಕಿ, ಹಿಡಿಕೆ ತಿರುಗಿಸಿದ್ರೆ ಹಲ್ಲಿನ ಚಕ್ರ ಸರಪಳೀನ ಓಡಿಸೋ ಹಾಗೆ ಮಾಡ್ದ. ಬೆಣ್ಣೆ ಕಡಿಯೋ ಕೈಮಿಷನ್ನು ನೋಡಿದೀರಲ್ಲ, ಹಂಗೆ ತಿರುಗಿಸೋದು. ನೋಡಿ, ನಮ್ಮ ಬಾರಿನ ಅಜ್ಜ ಅಂದ್ರೆ ಇದೇ ಅಲಗು. ಗೇಣುದ್ದವೂ ಬೇಕಿರ್ಲಿಲ್ಲ, ಮೂಳೆ ದಾಟಿದ್ರೆ ಸಾಕು. ಸರಪಳಿ ತಾನೇ ಓಡ್ತದೆ, ಕೈ ಹೋಗಿ ಬರೋದಿಲ್ಲ, ಎಳೆತಕ್ಕೆ ಅಂತ ಹೆಚ್ಚಿನ ಉದ್ದ ಬ್ಯಾಡ.

ಅಷ್ಟೇ ಕಣ್ರವ್ವ ವಿಷಯ. ಗರಗಸದ ಉದ್ದ ಕೈಯಿಗೆ ಬೇಕಿತ್ತು, ಸುತ್ತೋ ಸರಪಳಿಗೆ ಅದು ಬೇಕಿಲ್ಲ. ಆದ್ರೂ ಮಿಷನ್ನು ಕಾಡಿಗೆ ಹೋದಾಗ ಗಂಡಸರು ಹಳೇ ಅಳತೇನ ಬಿಡಲಿಲ್ಲ.

1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಕರೆಂಟಿನ ಸರಪಳಿ ಗರಗಸ ಮಾಡ್ದ. (ಸ್ಟೀಲ್ ಅನ್ನೋದು ಅವನ ಹೆಸರು, ನಮ್ಮ ಸ್ಟೀಲ್ ಪಾತ್ರೆಗೂ ಅದಕ್ಕೂ ಸಂಬಂಧ ಇಲ್ಲ.) ಮಾರನೇ ವರ್ಷ ಎಮಿಲ್ ಲೆರ್ಪ್ ಅನ್ನೋನು ಪೆಟ್ರೋಲಿನದು ಮಾಡಿ, ಥುರಿಂಗಿಯಾದ ಡೋಲ್ಮಾರ್ ಅನ್ನೋ ಬೆಟ್ಟದಲ್ಲಿ ಓಡಿಸಿ ನೋಡಿ, ಬೆಟ್ಟದ ಹೆಸರನ್ನೇ ಮಿಷನ್ನಿಗೂ ಇಟ್ಟ. ತೂಕ 58 ಕೆಜಿ. ಐವತ್ತು ಕೆಜಿ ಅಕ್ಕಿ ಮೂಟೆ ಎತ್ತಿದೋರಿಗೆ ಗೊತ್ತು ಅದೇನು ಅಂತ. ಒಬ್ಬನ ಕೈಲಿ ಆಗ್ತಿರ್ಲಿಲ್ಲ. ಎಂಜಿನ್ನಿನ ಕಡೆ ಒಬ್ಬ, ಬಾರಿನ ಆ ತುದೀಲಿ ಇನ್ನೊಂದು ಹಿಡಿಕೆ, ಅದಕ್ಕೆ ಇನ್ನೊಬ್ಬ. ಹೆಸರಿಗೆ ಹೊಸ ಮಿಷನ್ನು, ನಿಲ್ಲೋ ರೀತಿ ಪೂರ್ತಿ ಗರಗಸದ್ದೇ. ಇಬ್ಬರು ನಿಲ್ಲಬೇಕು ಅಂದ್ಮೇಲೆ ಬಾರೂ ಉದ್ದವೇ ಆಗಬೇಕು.

ಹಲ್ಲೂ ಅಷ್ಟೆ, ಮೊದಮೊದಲು ಗರಗಸದ ಹಲ್ಲಿನ ಹಾಗೇ ಕೆರೀತಿತ್ತು. ಅಮೆರಿಕದ ಆರೆಗನ್ನಿನಲ್ಲಿ ಜೋ ಕಾಕ್ಸ್ ಅನ್ನೋ ಮರ ಕಡಿಯೋನು 1946ರಲ್ಲಿ ಒಂದು ದಿನ ಮರದ ಬೊಡ್ಡೇಲಿ ಹುಳ ಕೊರೆಯೋದನ್ನ ಕೂತು ನೋಡ್ದನಂತೆ. ಹುಳದ ಎರಡು ದವಡೆ ಒಂದಾದ ಮೇಲೊಂದು, ಎಡ ಬಲ, ಎಡ ಬಲ ಕತ್ತರಿಸ್ತಿತ್ತು. ಅದನ್ನೇ ನೋಡ್ಕೊಂಡು ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಇರೋ ಸರಪಳಿ ಮಾಡಿ ಮಾರೋಕೆ ಶುರು ಮಾಡ್ದ. ಇವತ್ತು ನಮ್ಮನೆ ಮಿಷನ್ನಿಂದ ಹಿಡಿದು ಎಲ್ಲಾ ಕಡೆ ಇರೋದು ಆ ಹುಳದ ಹಲ್ಲೇ. ಹೊಟ್ಟಿನ ಒಲೆ ಮಾಡಿದೋರಿಗೆ ಇದರಿಂದ ಒಂದು ಪರೀಕ್ಷೆ ಸಿಕ್ತದೆ. ಹರಿತ ಇದ್ರೆ ಕೆಳಗೆ ಬೀಳೋದು ಅವಲಕ್ಕಿ ಹಾಗೆ ಚೂರು. ರವೆ ಹಿಟ್ಟಿನ ಹಾಗೆ ಪುಡಿ ಬಿದ್ರೆ ಹಲ್ಲು ಮೊಂಡಾಗದೆ ಅಂತ ಅರ್ಥ. ನಿಲ್ಲಿಸಿ ಅರ ಹಾಕಿಸಿ.

ಅಲ್ಲಿಂದ ಮುಂದೆ ಮಿಷನ್ನು ಇಳೀತಾ ಬಂತು. 1950ರಲ್ಲಿ ಒಬ್ಬನೇ ಹಿಡಿಯೋ ಹಾಗೆ 16 ಕೆಜಿ, 1959ರಲ್ಲಿ ಕಾಂಟ್ರಾ ಅನ್ನೋದು 12 ಕೆಜಿ. ಈ ಕಾಂಟ್ರಾ ಒಂದು ದೊಡ್ಡ ತಿರುವು. ಅದಕ್ಕೂ ಮುಂಚಿನ ಬಹಳ ಮಿಷನ್ನುಗಳಲ್ಲಿ ಎಂಜಿನ್ನಿಗೂ ಸರಪಳಿಗೂ ನಡುವೆ ಗೇರು ಇರ್ತಿತ್ತು. ಸರಪಳಿ ನಿಧಾನ ಓಡೋದು, ಎಳೆತ ಮಾತ್ರ ಎತ್ತಿನ ಹಾಗೆ. ಎಷ್ಟುದ್ದದ ಬಾರು ಹಾಕಿದ್ರೂ ಉರುಳಿಸೋದು. ಗೇರು ತೆಗೆದು ನೇರ ಜೋಡಿಸಿದ ಮೇಲೆ ಸರಪಳಿ ಜೋರಾಗಿ ಓಡ್ತದೆ, ಆದ್ರೆ ಭಾರ ಹಾಕಿದ್ರೆ ಬೇಗ ಉಸಿರು ಕಟ್ತದೆ. ಹಳೇ ಮಿಷನ್ನು ಗಟ್ಟಿ, ಉದ್ದ ಬಾರು ಎಳೀತದೆ ಅಂತ ಈಗ್ಲೂ ಹೇಳೋರಿಗೆ ಆ ಗೇರಿನ ಕಾಲದ ನೆನಪು. ನಮ್ಮ ಕಡೆ ಹಳೇದು ಅಂತ ಇರೋದೆಲ್ಲ ಗೇರಿಲ್ಲದ ಮೇಲಿನವು. ಎರಡನ್ನೂ ಹಳೇದು ಅಂತ ಒಂದೇ ಮೊರಕ್ಕೆ ಹಾಕಬಾರದು.

ಊರಿಂದೂರಿಗೆ ರೂಢೀನೂ ಬೇರೆ. ಅಮೆರಿಕದ ಪಶ್ಚಿಮದ ಕಾಡಲ್ಲಿ ಆಳು ಸುತ್ತುವರಿದ್ರೂ ತಬ್ಬೋಕಾಗದ ಮೆತ್ತನೆ ಮರ, ಅಲ್ಲಿ 28, 32 ಇಂಚು ಬಾರು ಸಾಮಾನ್ಯ. ಸ್ವೀಡನ್ ಕಡೆ ಸಣ್ಣ ಮರ, ಅಲ್ಲಿನೋರು 13, 15 ಇಂಚಲ್ಲೇ ಕಾಡು ಮುಗಿಸ್ತಾರೆ. ನಮ್ಮ ಹುಡುಗರು ಫೋನಲ್ಲಿ ನೋಡೋದು ಅಮೆರಿಕದ ವಿಡಿಯೋ. ಕುಯ್ಯೋದು ಹುಣಸೆ, ಕರಿಜಾಲಿ, ತೆಂಗು. ಹುಣಸೆ ಕಲ್ಲಿನಂಥದು. ಜಾಲಿ ಗಾಡಿ ಗುಂಬಕ್ಕೆ ಆಗ್ತಿದ್ದ ಮರ. ತೆಂಗಿನ ಹೊರಗಿನ ನಾರು ಒಂದು ಮರ ಮುಗಿಯೋದ್ರೊಳಗೆ ಹಲ್ಲನ್ನ ತಿಂದುಬಿಡ್ತದೆ.

ಈ ವರ್ಷ ಮುಂಗಾರಿಗೆ ಮುಂಚಿನ ಗಾಳಿಗೆ ನಮ್ಮ ಹಿತ್ತಲ ಹುಣಸೆ ಬುಡ ಸಮೇತ ಒರಗಿದಾಗ ಮೈದುನ 24 ಇಂಚಿನ ಬಾರು ತರ್ತೀನಿ ಅಂತ ಹೊರಟಿದ್ದ. ಮಿಷನ್ನು ಸುಮಾರು 50 ಸಿಸಿದು, ಇಪ್ಪತ್ತು ವರ್ಷದ್ದು. ನಾನು ಅವನಿಗೆ ಕೊಟ್ಟ ಉದಾಹರಣೆ ಮಿಕ್ಸಿದು. ಮದುವೇಲಿ ಬಂದ ಹಳೇ ಮಿಕ್ಸಿಗೆ ದೊಡ್ಡ ಜಾರಲ್ಲಿ ತುಂಬಾ ನೆನೆಸಿದ ಅಕ್ಕಿ ಹಾಕಿದ್ರೆ ಏನಾಯ್ತದೆ? ಗುಂಯ್ ಅಂತದೆ, ಸುಟ್ಟ ವಾಸನೆ ಬರ್ತದೆ, ಅಕ್ಕಿ ಹಾಗೇ ಇರ್ತದೆ. ಚಿಕ್ಕ ಜಾರಲ್ಲಿ ಎರಡು ಸಲ ಹಾಕಿದ್ರೆ ನುಣ್ಣಗೆ. ಬಾರು ಉದ್ದ ಆದಷ್ಟೂ ಒಂದೇ ಸಲಕ್ಕೆ ಮರಕ್ಕೆ ಕಚ್ಚೋ ಹಲ್ಲು ಜಾಸ್ತಿ, ಪಟ್ಟಿಗೆ ಉಜ್ಜೋ ಸರಪಳಿ ಜಾಸ್ತಿ, ಕುಡಿಯೋ ಎಣ್ಣೆ ಜಾಸ್ತಿ. ಹಳೇ ಎಂಜಿನ್ನಿಗೆ ರಿಂಗು ಸವೆದು ಕಂಪ್ರೆಷನ್ನು ಕಮ್ಮಿ ಆಗಿರ್ತದೆ, ಎಣ್ಣೆ ಪಂಪು ಮೊದಲಿನಷ್ಟು ಬಿಡೋದಿಲ್ಲ. ಸರಪಳಿ ನಿಂತ್ರೆ ಹಿಡಿದೋನು ಮೇಲಿಂದ ಒತ್ತುತಾನೆ. ಒತ್ತಿದ್ರೆ ಕ್ಲಚ್ಚು ಕಾಯ್ತದೆ, ಬಾರು ನೀಲಿ ತಿರುಗ್ತದೆ.

ಮಿಷನ್ನಿಗೆ ಉಸಿರು ಎಷ್ಟದೆ ಅಂತ ನೋಡೋಕೆ ಮೆಕ್ಯಾನಿಕ್ಕು ಬ್ಯಾಡ. ಸ್ವಿಚ್ಚು ಆಫ್ ಮಾಡಿ, ಎಳೆಯೋ ಹಗ್ಗದ ಹಿಡಿಕೆ ಹಿಡಿದು ಮಿಷನ್ನನ್ನ ನೆಲದಿಂದ ಒಂದು ಗೇಣು ಎತ್ತಿ. ತಡೆದು ತಡೆದು ಇಳಿದ್ರೆ ಪರವಾಗಿಲ್ಲ, ಸರ್ರನೆ ಜಾರಿಬಿಟ್ರೆ ಮುದುಕ ಆಗದೆ. ಸಾಮಾನ್ಯ ಲೆಕ್ಕ ಹೀಗೆ: 35ರಿಂದ 40 ಸಿಸಿಗೆ 14, 16 ಇಂಚು, 45ರಿಂದ 50ಕ್ಕೆ 16, 18, 55ರಿಂದ 60ಕ್ಕೆ 18, 20. ಇಪ್ಪತ್ನಾಲ್ಕು ಬೇಕು ಅಂದ್ರೆ 70 ಸಿಸಿ ಮೇಲಿರಬೇಕು. ಹಳೇದಾದ್ರೆ ಎರಡು ಅಂಕೀಲಿ ಚಿಕ್ಕದನ್ನೇ ಹಿಡೀರಿ ಅನ್ನೋದು ನನ್ನ ಮಾತು. ಈಗ ಅಗ್ಗಕ್ಕೆ ಸಿಗೋ 58 ಸಿಸಿ ಹೊಸ ಮಿಷನ್ನುಗಳಿಗೆ ಪೆಟ್ಟಿಗೇಲೇ 22 ಇಂಚಿನ ಬಾರು ಕೊಟ್ಟಿರ್ತಾರೆ. ನೋಡೋಕೆ ಚೆಂದ, ಹುಣಸೆಗೆ ಹಾಕಿದಾಗ ಗೊತ್ತಾಯ್ತದೆ.

ಅಕ್ಕಂದಿರೆ, 18 ಇಂಚು ಅಂದ್ರೆ ಸರಿಯಾಗಿ ಒಂದು ಮೊಳ. ಹೂವಿನೋಳು ಮೊಣಕೈಯಿಂದ ಬೆರಳ ತುದಿಗೆ ಅಳೆದು ಕೊಡ್ತಾಳಲ್ಲ, ಅಷ್ಟು. ಅಷ್ಟರಲ್ಲಿ ಎರಡಡಿ, ಎರಡೂವರೆ ಅಡಿ ದಪ್ಪದ ದಿಮ್ಮೀನೂ ಕುಯ್ಬೋದು, ಈ ಕಡೆಯಿಂದ ಒಂದು ಸಲ, ತಿರುಗಿ ಆ ಕಡೆಯಿಂದ ಒಂದು ಸಲ. ನಮ್ಮ ಬನ್ನೂರು ಕುರಿ ಮಾಂಸದ ಹೆಸರು ಎಲ್ಲೆಲ್ಲಿಗೆ ಹೋಗದೆ ಅನ್ನೋದು ನಿಮಗೆ ಗೊತ್ತು. ಆ ಮಾಂಸ ಕೊಚ್ಚೋ ಕೊರಡು ಹುಣಸೇದೇ ಆಗಬೇಕು, ಬೇರೆ ಮರ ಏಟಿಗೆ ಚೂರು ಬಿಡ್ತದೆ. ಕೊರಡಿಗೆ ಅಗಲ ಬೇಕು, ಮುಖ ಸಮ ಇರಬೇಕು, ಅದಕ್ಕೇ ಉದ್ದ ಬಾರು ಅಂತ ಮೈದುನನ ವಾದ. ಎರಡು ಕಡೆ ಕುಯ್ದಾಗ ನಡುವೆ ಬೀಳೋ ಸಣ್ಣ ಮೆಟ್ಟಿಲನ್ನ ಬಡಗಿ ಉಳಿ ಹಿಡಿದು ಅರ್ಧ ಗಂಟೇಲಿ ತೆಗೆದ. ಅಷ್ಟಕ್ಕೆ ಎಂಜಿನ್ನು ಸುಡಬೇಕೆ?

ದುಡ್ಡಿಗಿಂತ ನನಗೆ ಹೆದರಿಕೆ ಬಾರಿನ ತುದೀದು. ಓಡೋ ಸರಪಳಿಯ ಮೇಲ್ತುದಿ ಮರಕ್ಕೆ ತಗುಲಿದ್ರೆ ಮಿಷನ್ನು ಎಗರಿ ಹಿಡಿದೋನ ಮುಖದ ಕಡೆಗೆ ಬರ್ತದೆ. ಅದನ್ನ ತಡೆಯೋ ಬ್ರೇಕು ಬಂದದ್ದು 1970ರ ದಶಕದಲ್ಲಿ. ಬಹಳ ಹಳೇವಕ್ಕೆ ಅದಿಲ್ಲ, ಇದ್ದವುಕ್ಕೂ ಎಷ್ಟೋ ಕಡೆ ಕೆಟ್ಟುಹೋಗಿ ಬಿಚ್ಚಿ ಎಸೆದಿರ್ತಾರೆ. ಬಿದ್ದ ಹುಣಸೇಲಿ ಕೊಂಬೆ ಮೇಲೆ ಕೊಂಬೆ. ಗಿಡ್ಡ ಬಾರಿನ ತುದಿ ಎಲ್ಲದೆ ಅಂತ ಕಣ್ಣಿಗೆ ಕಾಣ್ತದೆ. ಉದ್ದದ್ದು ದಿಮ್ಮಿ ದಾಟಿ ಆಚೆ ಯಾವ ಕೊಂಬೆಗೆ ಮುತ್ತು ಕೊಡ್ತಾ ಅದೆ ಅಂತ ಹಿಡಿದೋನಿಗೇ ಗೊತ್ತಾಗಲ್ಲ. ಇನ್ನೊಂದು, ಬೇರು ಸಮೇತ ಒರಗಿದ ಮರದ ಬೊಡ್ಡೆ ಕುಯ್ದು ಬೇರೆ ಮಾಡಿದ ಗಳಿಗೆ ಆ ಬೇರಿನ ಗಡ್ಡೆ ಮಣ್ಣು ಸಮೇತ ಸಟ್ಟನೆ ಎದ್ದು ನಿಲ್ಲಬೋದು. ಆ ಗುಂಡಿ ಹತ್ತಿರ ಮಕ್ಕಳನ್ನ ಬಿಡಬೇಡಿ, ನೀವೂ ಸೆರಗು ಸಿಗಿಸ್ಕೊಂಡು ದೂರ ಇರಿ. ಪುರಲೆ ಎಲ್ಲೂ ಓಡಿಹೋಗಲ್ಲ.

ಅಂಗಡಿಗೆ ಹೋಗೋ ಮುಂಚೆ ಅಳೆಯೋದು ಹೇಗೆ ಅಂತ ಹೇಳ್ಬಿಡ್ತೀನಿ. ಬಹಳ ಜನ ಬಾರು ಬಿಚ್ಚಿ ಈ ತುದಿಯಿಂದ ಆ ತುದಿಗೆ ಟೇಪು ಹಿಡೀತಾರೆ, 22 ಬರ್ತದೆ, 22 ಅಂತ ಕೇಳಿ ತಂದುಬಿಡ್ತಾರೆ. ಅದು ತಪ್ಪು ಅಳತೆ. ಬಾರಿನ ಬಾಲ ಮೂರು ನಾಕಿಂಚು ಮಿಷನ್ನಿನ ಒಳಗೆ ಇರ್ತದೆ. ಅಳೆಯೋದು ಮಿಷನ್ನಿಗೆ ಹಾಕಿದ ಹಾಗೇ, ಮೈಯಿಂದ ಆಚೆ ಬಂದ ಜಾಗದಿಂದ ತುದಿವರೆಗೆ. ಹಳೇ ಕಂಪನಿದಾದ್ರೆ ಬೋಲ್ಟು ಕೂರೋ ಸೀಳಿನ ಅಗಲ, ಎಣ್ಣೆ ಬರೋ ತೂತಿನ ಜಾಗ ಎರಡೂ ಕೂಡಬೇಕು, ಹಳೇ ಬಾರನ್ನೇ ಕೈಲಿ ಹಿಡ್ಕೊಂಡು ಹೋಗೋದು ವಾಸಿ. ತೂತು ಕೂಡದೆ ಹೋದ್ರೆ ಎಣ್ಣೆ ಹೊರಗೆ ಸುರಿದು ಬಾರು ಒಣಗಿ ಕಾಯ್ತದೆ. ಹಾಕಿಸಿದ ಮೇಲೆ ಓಡ್ತಿರೋ ತುದೀನ ಹಳೇ ನ್ಯೂಸ್ ಪೇಪರಿಗೆ ತಾಗಿಸದೆ ಒಂದು ಗೇಣು ಮೇಲೆ ಹಿಡಿಯೋಕೆ ಹೇಳಿ. ಪೇಪರಿನ ಮೇಲೆ ಎಣ್ಣೆಯ ಗೆರೆ ಬಿದ್ರೆ ಎಣ್ಣೆ ಹೋಗ್ತಾ ಅದೆ.

ಅಂಗಡಿಯವನು ಇನ್ನೂ ಮೂರು ಕೇಳ್ತಾನೆ. ಕೊಂಡಿಗಳ ನಡುವಿನ ದೂರ (ಅಕ್ಕಪಕ್ಕದ ಮೂರು ರಿವೆಟ್ಟು ಅಳೆದು ಎರಡರಿಂದ ಭಾಗಿಸಿದ್ರೆ ಬರೋದು), ಸಂದಿನ ಅಗಲ, ಸರಪಳಿ ಒಳಗಡೆ ಇರೋ ಕೆಳಹಲ್ಲಿನ ಲೆಕ್ಕ. ಇವು ಬಾರಿನ ಬಾಲದ ಹತ್ತಿರ ಅಚ್ಚು ಹಾಕಿರ್ತಾರೆ, ಹಳೇದರಲ್ಲಿ ಉಜ್ಜಿ ಅಳಿಸಿಹೋಗಿರ್ತವೆ. ಅಳಿಸೋ ಮುಂಚೆ ನಾನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಗ್ಯಾಸ್ ಬುಕ್ಕಿಂಗ್ ನಂಬರಿನ ಕೆಳಗೆ ಬರೆದು ಮಡಗಿದೀನಿ: 0.325, 0.058, 72. ಮೈದುನನಿಗೆ ಮೊದಲು ಯಾರೋ ಕೊಡೋಕೆ ನೋಡಿದ 22 ಇಂಚಿನ ಸರಪಳೀಲಿ ಇದ್ದದ್ದು 86.